ಆಂಪ್ಸ್ ಜಾಸ್ತಿ ಇದ್ದರೆ ಸುಟ್ಟುಹೋಗುತ್ತಾ?

ದಸರಾ ಶುರುವಾಗುವ ಹಿಂದಿನ ರಾತ್ರಿ ನಮ್ಮನೆ ಬೊಂಬೆಗಳು ಮಿನುಗೋಕೆ ಶುರು ಮಾಡಿದವು. ಏಳು ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಅಜ್ಜಿ ಕಾಲದ ಪಟ್ಟದ ಬೊಂಬೆ, ಮೆಟ್ಟಿಲಿನ ಅಂಚಿಗೆಲ್ಲ ನಾನು ಅಂಟಿಸಿದ ಎಲ್‌ಇಡಿ ಸ್ಟ್ರಿಪ್. ಹತ್ತುತ್ತೆ, ಆರುತ್ತೆ, ಮತ್ತೆ ಹತ್ತುತ್ತೆ. ಅಮ್ಮನಿಗೆ ಖುಷಿಯೋ ಖುಷಿ. "ಅರಮನೆ ಲೈಟಿಗಿಂತ ಚೆನ್ನಾಗಿದೆ ಕಣೋ, ಹೀಗೇ ಇರಲಿ ಬಿಡು" ಅಂದರು. ಅದು ಡಿಸೈನ್ ಅಲ್ಲಮ್ಮ, ಅಡಾಪ್ಟರಿಗೆ ಉಸಿರು ಕಟ್ಟಿದೆ ಅಂತ ಹೇಗೆ ಹೇಳೋದು?

ತಪ್ಪು ನನ್ನದೇ. ಸ್ಟ್ರಿಪ್ ಡಬ್ಬಿ ಮೇಲೆ ಮೀಟರಿಗೆ 14.4 ವ್ಯಾಟ್, 12 ವೋಲ್ಟ್ ಅಂತ ದೊಡ್ಡದಾಗಿಯೇ ಬರೆದಿತ್ತು. ನಾನು ಹಾಕಿದ್ದು ಐದು ಮೀಟರಿನ ಒಂದು ತುಂಡು, ಎರಡು ಮೀಟರಿನ ಇನ್ನೊಂದು. ಏಳು ಮೀಟರಿಗೆ 100.8 ವ್ಯಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 8.4 ಆಂಪ್ಸ್ ಕರೆಂಟ್. ಮನೆಯಲ್ಲಿ ಬಿದ್ದಿದ್ದ ಅಡಾಪ್ಟರ್ 12 ವೋಲ್ಟ್, 5 ಆಂಪ್ಸ್. ಲೆಕ್ಕ ಹಾಕದೆ ಸುಮ್ನೆ ಚುಚ್ಚಿದೆ. ಲೋಡ್ ಜಾಸ್ತಿಯಾದಾಗ ಅದು ತನ್ನನ್ನು ಉಳಿಸಿಕೊಳ್ಳೋಕೆ ಆಫ್ ಆಗುತ್ತೆ, ಒಂದು ಕ್ಷಣ ಬಿಟ್ಟು ಮತ್ತೆ ಪ್ರಯತ್ನ ಮಾಡುತ್ತೆ. ಅದೇ ಆ ಮಿನುಗು. ಮುಟ್ಟಿ ನೋಡಿದರೆ ದೋಸೆ ಹೆಂಚು. ಅದಾದರೂ ಮರ್ಯಾದಸ್ಥ ಅಡಾಪ್ಟರ್, ಅಗ್ಗದ ಮಾಲಾಗಿದ್ದರೆ ಆಫ್ ಆಗದೆ ಸುಟ್ಟೇ ಹೋಗುತ್ತಿತ್ತು.

ಮಾರನೇ ದಿನ ಪೇಟೆಗೆ ಹೋಗಿ 12 ವೋಲ್ಟ್, 12.5 ಆಂಪ್ಸ್‌ನ ಎಸ್‌ಎಂಪಿಎಸ್ ತಂದೆ, ಅಂದರೆ ಅಡಾಪ್ಟರಿನ ದೊಡ್ಡಣ್ಣ. ತೂತು ತೂತಿನ ತಗಡಿನ ಡಬ್ಬಿ, ಒಂದು ಕಡೆ ಸ್ಕ್ರೂ ಟರ್ಮಿನಲ್ಲು. ಅಷ್ಟೊತ್ತಿಗೆ ಮಂಡ್ಯದಿಂದ ಭಾವ ಬಂದಿದ್ದರು. ಲೇಬಲ್ ಓದಿದವರೇ, "ಹನ್ನೆರಡೂವರೆ ಆಂಪ್ಸಾ? ಎಂಟು ಬೇಕಾಗಿರೋದಕ್ಕೆ ಅಷ್ಟು ನುಗ್ಸಿದ್ರೆ ಎಲ್ಲಾ ಸುಟ್ಟೋಯ್ತದೆ ಕಣಪ್ಪ, ಬೊಂಬೆಗೂ ಬೆಂಕಿ ಹತ್ಕೊತದೆ" ಅಂದರು.

ಈ ಭಯ ಭಾವನಿಗೆ ಮಾತ್ರ ಅಲ್ಲ, ಎಷ್ಟೋ ಜನಕ್ಕೆ ಇದೆ. ಇದಕ್ಕೆ ಎಲ್ಲರೂ ನೀರಿನ ಟ್ಯಾಂಕಿನ ಉದಾಹರಣೆ ಕೊಡುತ್ತಾರೆ, ಟ್ಯಾಂಕ್ ಎಷ್ಟೇ ದೊಡ್ಡದಿದ್ದರೂ ನಲ್ಲಿ ತಿರುಗಿಸಿದಷ್ಟೇ ನೀರು ಅಂತ. ನನಗೆ ಅದು ಹಿಡಿಸಲ್ಲ. ಟ್ಯಾಂಕಿನ ಲೀಟರ್ ಲೆಕ್ಕ ಬ್ಯಾಟರಿಗೆ ಹೊಂದುತ್ತೆ, ಅಡಾಪ್ಟರಿಗಲ್ಲ. ಭಾವನಿಗೆ ನಾನು ಕೇಳಿದ್ದು ಬೇರೆ. "ಭಾವ, ನಿಮ್ಮ ತೋಟದ ಹತ್ತಿರ 25 ಕೆವಿಎ ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ತೆಗೆದು ಇನ್ನೂ ದೊಡ್ಡ 63 ಕೆವಿಎ ಹಾಕಿದರೆ ನಿಮ್ಮ 5 ಎಚ್‌ಪಿ ಪಂಪ್‌ಸೆಟ್ ಸುಡುತ್ತಾ?"

"ಯಾಕ್ ಸುಡ್ತದೆ? ಮೋಟ್ರು ಅದಕ್ಕೆ ಬೇಕಾದಷ್ಟು ಎಳ್ಕೊತದೆ ಅಷ್ಟೇ."

"25ರ ಟಿಸಿ ಮೇಲೆ ಊರಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಹಾಕಿದರೆ?"

"ಟಿಸಿ ಹೋಯ್ತದೆ." ಅಂದವರು ಒಂದು ನಿಮಿಷ ಸುಮ್ಮನಾದರು. ಆಮೇಲೆ ಎಸ್‌ಎಂಪಿಎಸ್ ಕಡೆ ನೋಡಿದರು.

ಅಷ್ಟೇ ವಿಷಯ. ಅಡಾಪ್ಟರ್ ಮೇಲೆ ಬರೆದಿರುವ ಆಂಪ್ಸ್ ಅದು ತಡೆದುಕೊಳ್ಳುವ ಗರಿಷ್ಠ ಮಿತಿ, ಅದು ತಾನಾಗಿ ತಳ್ಳುವ ಅಳತೆ ಅಲ್ಲ. ಎಷ್ಟು ಎಳೆಯಬೇಕು ಅನ್ನೋದನ್ನು ವೋಲ್ಟೇಜೂ ಲೋಡೂ ಸೇರಿ ತೀರ್ಮಾನ ಮಾಡುತ್ತವೆ. ಬಚ್ಚಲುಮನೆ ಗೀಸರಿನ 16 ಆಂಪ್ಸ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಚುಚ್ಚಿದರೆ ಮೊಬೈಲೇನೂ ಸುಡಲ್ಲ, ಅಲ್ವಾ? ಅದೇ 3000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 13 ಆಂಪ್ಸ್ ಎಳೆಯುತ್ತೆ. ಅದನ್ನು 6 ಆಂಪ್ಸ್ ಪಾಯಿಂಟಿಗೆ ಹಾಕಿದರೆ ಪ್ಲಗ್ಗು ಕರಗಬಹುದು.

ಭಾವ ನಂಬಿದರೂ ಪೂರ್ತಿ ನಂಬಲಿಲ್ಲ, ಅಳೆದು ತೋರಿಸು ಅಂದರು. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪ್ಸ್ ತೂತಿಗೆ ಹಾಕಿ, ಪ್ಲಸ್ ವೈರ್ ಬಿಚ್ಚಿ ಮಧ್ಯೆ ಮೀಟರ್ ಸೇರಿಸಿದೆ. ಹತ್ತು ಸೆಕೆಂಡಿನೊಳಗೆ ಮುಗಿಸಬೇಕು, ವೈರ್ ಬಿಸಿಯಾಗುತ್ತೆ. 6.8 ಅಂತ ತೋರಿಸಿತು. ಹನ್ನೆರಡೂವರೆ ಅಲ್ಲ, ಲೆಕ್ಕದ 8.4 ಕೂಡ ಅಲ್ಲ. ಯಾಕೆ ಕಮ್ಮಿ ಅಂದರೆ, ಸ್ಟ್ರಿಪ್ ಒಳಗಿನ ತಾಮ್ರ ತೆಳು, ಉದ್ದಕ್ಕೂ ವೋಲ್ಟ್ ಸೋರುತ್ತಾ ಹೋಗುತ್ತೆ. ಐದು ಮೀಟರಿನ ತುದಿಯಲ್ಲಿ ನೋಡಿದರೆ 10.4 ವೋಲ್ಟ್. ಅದಕ್ಕೇ ಆ ತುದಿಯ ಬೊಂಬೆಗಳು ಮಂಕಾಗಿದ್ದವು. ಎಸ್‌ಎಂಪಿಎಸ್‌ನಿಂದ ಇನ್ನೊಂದು ಜೊತೆ ವೈರ್ ಎಳೆದು ಆ ತುದಿಗೂ ಕೊಟ್ಟೆ, ಸರಿಹೋಯಿತು. (ಅಳೆದಾದ ಮೇಲೆ ಕೆಂಪು ವೈರನ್ನು ವಾಪಸ್ ವೋಲ್ಟ್ ತೂತಿಗೆ ಹಾಕೋದು ಮರೆಯಬೇಡಿ. ಹಾಗೇ ವೋಲ್ಟ್ ನೋಡೋಕೆ ಹೋದರೆ ನೇರ ಶಾರ್ಟ್. ನಾನು ಒಂದು ಫ್ಯೂಸ್ ಹೀಗೇ ಕಳೆದಿದ್ದೇನೆ.)

ಹಾಗಂತ ಏನು ಬೇಕಾದರೂ ಚುಚ್ಚಬಹುದು ಅಂತಲ್ಲ. ವೋಲ್ಟ್ ಮಾತ್ರ ಹೊಂದಲೇಬೇಕು. ಲ್ಯಾಪ್‌ಟಾಪಿನ 19 ವೋಲ್ಟ್ ಪಿನ್ನು 12 ವೋಲ್ಟಿನ ರೂಟರಿಗೆ ಕೂತುಬಿಟ್ಟರೆ ರೂಟರ್ ಕಥೆ ಮುಗೀತು. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅನ್ನೋದನ್ನೂ ಲೇಬಲ್‌ನ ಚಿತ್ರದಲ್ಲಿ ನೋಡಿ. ಇನ್ನು ಸ್ಟ್ರಿಪ್ ಇಲ್ಲದ ಬಿಡಿ ಎಲ್‌ಇಡಿ ವಿಷಯ ಬೇರೆ. ಅದಕ್ಕೆ ಸಾಕು ಅನ್ನೋದೇ ಗೊತ್ತಿಲ್ಲ. ನೇರ 12 ವೋಲ್ಟ್ ಕೊಟ್ಟರೆ ಎಳೆದೂ ಎಳೆದೂ ಸಾಯುತ್ತೆ. ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿಗೊಂದು ರೆಸಿಸ್ಟರ್ (ಕರೆಂಟಿಗೆ ಕಡಿವಾಣ ಹಾಕುವ ಪುಟ್ಟ ಭಾಗ) ಇರೋದು ಅದಕ್ಕೇ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್, ಮೂರಕ್ಕೆ 9, ಉಳಿದ 3 ವೋಲ್ಟ್ ರೆಸಿಸ್ಟರ್ ನೋಡಿಕೊಳ್ಳುತ್ತೆ.

ಇನ್ನೊಂದು, ಲೆಕ್ಕಕ್ಕೆ ಸರಿಯಾಗಿ ತರಬೇಡಿ. ನಾಲ್ಕನೇ ಒಂದು ಭಾಗವಾದರೂ ಜಾಸ್ತಿ ಇರಲಿ. ಮೋಟರ್ ಇದ್ದರೆ ಇನ್ನೂ ಜಾಸ್ತಿ, ಶುರುವಾಗುವಾಗ ಅದು ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತೆ.

ಆ ಹಳೇ 5 ಆಂಪ್ಸ್ ಅಡಾಪ್ಟರನ್ನು ಭಾವ ಊರಿಗೆ ತೆಗೆದುಕೊಂಡು ಹೋದರು. ಅವರ ರೂಟರಿಗೆ ಬೇಕಾದದ್ದು 12 ವೋಲ್ಟ್, 1 ಆಂಪ್ಸ್. ಚೆನ್ನಾಗಿ ನಡೀತಿದೆಯಂತೆ. ಆದರೂ ರಾತ್ರಿ ಮಲಗುವ ಮುಂಚೆ ಒಂದು ಸಲ ಅದನ್ನು ಮುಟ್ಟಿ ನೋಡಿಯೇ ಮಲಗುತ್ತಾರೆ ಅಂತ ಅಕ್ಕ ಫೋನಿನಲ್ಲಿ ನಗುತ್ತಿದ್ದಳು.