ಕ್ಲಾರಿನೆಟ್ ಕಲಿಕೆ, ಐದನೇ ತಿಂಗಳು: ಕಿರುಬೆರಳಿನ ಕಾಟ

ಹೋದ ಸಲ ಬರೆಯುವಾಗ ಕೆಳಗಿನ ಸ್ವರಗಳೆಲ್ಲ ಕೈಗೆ ಬಂದವು ಅಂತ ಬೀಗಿದ್ದೆ. ಮೇಲಕ್ಕೆ ಹತ್ತಲು ಹೋದದ್ದೇ ತಡ, ಜಂಬ ಇಳಿಯಿತು.

ಕೊಳಲಿನವರಿಗೆ ಈ ತಾಪತ್ರಯ ಇಲ್ಲ. ಅದೇ ಬೆರಳಿಟ್ಟು ಉಸಿರು ಬಿಗಿ ಮಾಡಿದರೆ ಸ ಹೋಗಿ ಮೇಲಿನ ಸ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಎಡ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಸ ಇದ್ದದ್ದು ಮೇಲಿನ ಸ್ಥಾಯಿಯ ಪ ಆಗುತ್ತದೆ. ಉದ್ದಕ್ಕೂ ಒಂದೇ ಅಗಲದ ಕೊಳವೆ, ರೀಡ್ (ಬಾಯಿಗಿಡುವ ತೆಳು ಪಟ್ಟಿ) ಇರುವ ತುದಿ ಮುಚ್ಚಿದ ಹಾಗೆ, ಅದಕ್ಕೇ ಹೀಗೆ. ಬಿ ಫ್ಲ್ಯಾಟ್ ಸ್ವರದಿಂದ ಅದರ ಮೇಲಿನ ಬಿ ಸ್ವರಕ್ಕೆ ದಾಟುವುದಂತೂ ಹೊಳೆ ದಾಟಿದ ಹಾಗೆ. ಮೊದಲನೆಯದಕ್ಕೆ ಹೆಚ್ಚುಕಡಿಮೆ ಎಲ್ಲ ಬೆರಳೂ ಎದ್ದಿರುತ್ತವೆ, ಎರಡನೆಯದಕ್ಕೆ ಎಂಟು ಬೆರಳು ಒಟ್ಟಿಗೇ ಕೂರಬೇಕು. ಒಂದು ತೂತು ಕೂದಲೆಳೆಯಷ್ಟು ತೆರೆದಿದ್ದರೂ ಕೀಚ್! "ಬಾತುಕೋಳಿ ಏನಾದ್ರೂ ತಂದ್ಯೇನೋ?" ಅಂತ ಅಡುಗೆಮನೆಯಿಂದ ಅಮ್ಮ.

ಎರಡು ವಾರ ಕೀಚಲು ಕೇಳಿಸಿಕೊಂಡ ಮೇಲೆ ಮೇಷ್ಟ್ರು ಕ್ಲೋಸೆಯ ಪಾಠಗಳ ನಾಲ್ಕು ಹಾಳೆ ಜೆರಾಕ್ಸ್ ಕೊಟ್ಟರು. ಇಯಾಸಿಂತ್ ಕ್ಲೋಸೆ, 1808ರಲ್ಲಿ ಕಾರ್ಫೂ ದ್ವೀಪದಲ್ಲಿ ಹುಟ್ಟಿದವನು. ಫ್ರಾನ್ಸಿನಲ್ಲಿ ಸೇನೆಯ ಬ್ಯಾಂಡಿನಲ್ಲಿ ಊದಿ, 1838ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಪ್ರೊಫೆಸರ್ ಆಗಿ, ಮೂವತ್ತು ವರ್ಷ ಅಲ್ಲೇ ಪಾಠ ಹೇಳಿದ. ಆಮೇಲೆ ಸ್ಯಾಕ್ಸೊಫೋನ್ ಕಲಿಯುವವರಿಗೂ ಅಭ್ಯಾಸ ಬರೆದುಕೊಟ್ಟ. ಅವನಲ್ಲಿ ನನಗೆ ಇಷ್ಟವಾದದ್ದು ಒಂದೇ ಗುಣ: ಶಿಷ್ಯರ ಬೆರಳು ಎಡವಿದರೆ ಬೆರಳನ್ನು ಬೈಯಲಿಲ್ಲ, ವಾದ್ಯವನ್ನೇ ಬದಲಾಯಿಸಿದ. ಬುಫೆ ಎಂಬ ವಾದ್ಯ ತಯಾರಕನ ಜೊತೆ ಸೇರಿ 17 ಕೀ, ತೂತಿನ ಸುತ್ತ ಕೂರುವ 6 ಉಂಗುರದ ಹೊಸ ಕ್ಲಾರಿನೆಟ್ ಮಾಡಿಸಿ, ಅದಕ್ಕೆಂದೇ ಪಾಠಪುಸ್ತಕ ಬರೆದ. ಉಂಗುರದ ಉಪಾಯ ಕೊಳಲು ಮಾಡುತ್ತಿದ್ದ ಜರ್ಮನಿಯ ಬೋಮ್‌ನದು. ಹೆಸರೂ ಅವನಿಗೇ ಹೋಯಿತು. ಈಗಲೂ ಅಂಗಡಿಯಲ್ಲಿ 'ಬೋಮ್ ಸಿಸ್ಟಮ್' ಅಂತಲೇ ಕೇಳಬೇಕು. ದುಡಿದವನು ಒಬ್ಬ, ಹೆಸರು ಇನ್ನೊಬ್ಬನಿಗೆ.

ನನ್ನ ಕೈಲಿರುವ ಸೆಕೆಂಡ್‌ಹ್ಯಾಂಡ್ ವಾದ್ಯವೂ ಅದೇ ಜಾತಿ. ಬಿ ಮತ್ತು ಸಿ ಶಾರ್ಪ್‌ಗೆ ಎಡ ಕಿರುಬೆರಳಿಗೂ ಕೀ ಇದೆ, ಬಲ ಕಿರುಬೆರಳಿಗೂ ಇದೆ. ಇದೇಕೆ ದಂಡಕ್ಕೆ ಎರಡೆರಡು ಅಂದುಕೊಂಡಿದ್ದೆ. ಬಿ, ಸಿ ಶಾರ್ಪ್, ಡಿ ಶಾರ್ಪ್ ಸಾಲಾಗಿ ಬಂದಾಗ ಗೊತ್ತಾಯಿತು. ಡಿ ಶಾರ್ಪ್ ಬಲಗಡೆ ಮಾತ್ರ ಇದೆ. ಆದ್ದರಿಂದ ಸಿ ಶಾರ್ಪ್ ಎಡಕ್ಕೆ, ಬಿ ಬಲಕ್ಕೆ. ಬಲ, ಎಡ, ಬಲ. ಬೆರಳು ಒಂದು ಕೀಯಿಂದ ಇನ್ನೊಂದಕ್ಕೆ ಜಾರುವ ಗೊಡವೆಯೇ ಇಲ್ಲ. ನಾನು ಬಿಯನ್ನು ಎಡದಲ್ಲಿ ಹಿಡಿದು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ 'ಬ', 'ಎ' ಅಂತ ಬರೆದುಕೊಂಡು ಲಯ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕಿಟ್ಟು ಒಂಬತ್ತು ದಿನ ಉಜ್ಜಿದೆ. ಈಗ 72ಕ್ಕೆ ನಡೆಯುತ್ತಿದೆ.

ಮೂರನೇ ನಂಬರಿನ ಗಟ್ಟಿ ರೀಡ್ ತಂದದ್ದು ನನ್ನದೇ ದುರಾಸೆ. ಬರೀ ಗಾಳಿ, ನಾದವೇ ಇಲ್ಲ. ಎರಡಕ್ಕೆ ಇಳಿದೆ.

ರಾತ್ರಿ ಕರ್ನಾಟಕ ಸಂಗೀತದ ಕ್ಲಾರಿನೆಟ್ ವಿದ್ವಾಂಸ ಎ.ಕೆ.ಸಿ. ನಟರಾಜನ್ ಅವರ ರೆಕಾರ್ಡಿಂಗ್ ಹಾಕಿಕೊಂಡೆ. ಇದೇ ವಾದ್ಯದಲ್ಲಿ ಅಷ್ಟು ಗಮಕ! ತೂತಿನ ಮೇಲೆ ಬೆರಳು ಸವರಿ ಸ್ವರ ಜಾರಿಸಲು ನೋಡಿದೆ. "ಮೊದಲು ತೂತು ಸರಿಯಾಗಿ ಮುಚ್ಚೋದು ಕಲಿಯಪ್ಪ, ಆಮೇಲೆ ಅರ್ಧ ತೆರಿಯುವೆಯಂತೆ" ಅಂದರು ಮೇಷ್ಟ್ರು. ಈ ವಾರ ಮಾಯಾಮಾಳವಗೌಳದ ಸರಳೆ, ಮೊದಲ ಕಾಲ, ದಿನಕ್ಕೆ ನಲವತ್ತು ನಿಮಿಷ. ಕೆಳಗಿನ ಜಾಯಿಂಟಿನ ಕಾರ್ಕ್ ಒಣಗಿ ಸಡಿಲವಾಗಿದೆ, ಅದನ್ನೂ ಬದಲಾಯಿಸಬೇಕು.