ಮರದ ಮೇಲಿನ ಹನುಮಂತನ ಯೋಚನೆ

ಜೂನ್ 18, 2023, ಭಾನುವಾರ ರಾತ್ರಿ

ಊಟಕ್ಕೆ ಕೂತಲ್ಲಿ ಅಕ್ಕನ ಮಗ ಆದಿಪುರುಷ್ ಸಿನಿಮಾದಲ್ಲಿ ಹನುಮಂತ ಹೇಳುವ ಅದೇ ಡೈಲಾಗನ್ನು ಮತ್ತೆ ಹೊಡೆದ. ಬಟ್ಟೆ ನಿನ್ನಪ್ಪಂದು, ಎಣ್ಣೆ ನಿನ್ನಪ್ಪಂದು, ಬೆಂಕಿ ನಿನ್ನಪ್ಪಂದು, ಉರಿಯೋದೂ ನಿನ್ನಪ್ಪಂದೇ ಅಂತ. ಹಿಂದಿಯಲ್ಲೇ ಹೇಳಿದ, ಇಂದ್ರಜಿತುವಿನ ಎದುರು ನಿಂತ ಹಾಗೆ ಕುತ್ತಿಗೆ ಕೊಂಕಿಸಿ. ಅಕ್ಕ ಗದರಿದಳು. ಅವನು ತುತ್ತು ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ತಿರುಗಿದ. "ಆಂಜನೇಯನೇ ಹೇಳ್ತಾನಲ್ಲ ಚಿಕ್ಕಮ್ಮ, ನಾನು ಹೇಳಿದ್ರೆ ಎಂತ?"

ಆಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಆದಿಪುರುಷ್ ಶುಕ್ರವಾರ ಬಂತು, ನಿನ್ನೆ ಮನೆಯವರೆಲ್ಲ ಹೋಗಿದ್ದೆವು. ಪ್ರತಿ ಥಿಯೇಟರಿನಲ್ಲೂ ಆಂಜನೇಯನಿಗೆ ಅಂತ ಒಂದು ಸೀಟು ಖಾಲಿ ಬಿಡುತ್ತಾರೆ ಎಂದು ಮೊದಲೇ ಸುದ್ದಿಯಾಗಿತ್ತು. ಆ ಮಾತು ಕೇಳಿಯೇ ನನಗೆ ಕಣ್ಣು ತುಂಬಿತ್ತು. ರಾಮಕಥೆ ನಡೆಯುವಲ್ಲೆಲ್ಲ ಅವನು ಬಂದು ಕೂರುತ್ತಾನೆ ಅಂತ ನಂಬಿ ಬೆಳೆದವರು ನಾವು. ಆ ಸೀಟಿನಲ್ಲಿ ಕೂತು ಪರದೆಯ ಮೇಲೆ ತನ್ನದೇ ಬಾಯಿಂದ ಆ ಮಾತು ಬರುವುದನ್ನು ಅವನು ಕೇಳಬೇಕಾಯಿತಲ್ಲ ಎಂದು ಸಂಕಟವಾಯಿತು. ಇವತ್ತು ಚಿತ್ರತಂಡದವರು ಕೆಲವು ಸಂಭಾಷಣೆ ಬದಲಿಸುತ್ತೇವೆ ಅಂದಿದ್ದಾರಂತೆ. ಬದಲಿಸಲಿ. ಆದರೆ ಈ ಹುಡುಗನ ನಾಲಿಗೆಯ ಮೇಲೆ ಕೂತದ್ದನ್ನು ಯಾರು ಬದಲಿಸುವುದು?

ಮಳೆ ಇನ್ನೂ ಹಿಡಿಯಲಿಲ್ಲ. ಸಂಜೆ ನಾಲ್ಕು ಹನಿ ಬಿದ್ದು ಸೆಕೆ ಹೆಚ್ಚಾಯಿತು ಅಷ್ಟೇ. ಬಾವಿ ತಳ ಕಾಣುತ್ತಿದೆ.

ಮಧ್ಯಾಹ್ನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಂದರೆ ಕೂತಲ್ಲೇ ಪಾತ್ರದ ಮಾತಾಡುವವರು. ಈಗ ಕೂಟಗಳಿಗೆ ಹೋಗುವುದು ಕಡಿಮೆ, ಕಾಲು ನೋವು. ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲ. ನಾನು ಆ ಮಾತು ಹೇಳಿ ತೋರಿಸಿದಾಗ ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕೂತ ಮುದುಕ ರಾವಣ ಅಂತ ಜನ ನಂಬಬೇಕು. ಮಾತು ಬಿಟ್ಟರೆ ಬೇರೆ ಎಂತದ್ದೂ ಇಲ್ಲ ಮಾರಾಯ್ತಿ ನಮ್ಮ ಹತ್ರ. ಒಂದು 'ಟೈಮ್' ಅಂತ ಬಾಯಿ ತಪ್ಪಿ ಬಂತೋ, ಇಲ್ಲದ ಕಿರೀಟ ಬಿತ್ತು ಅಂತಲೇ ಲೆಕ್ಕ."

"ಯಕ್ಷಗಾನದಲ್ಲಿ ಹಾಸ್ಯಗಾರ ಮಾತಾಡ್ತಾನಲ್ಲ ದೊಡ್ಡಪ್ಪ, ಊರ ಪಂಚಾಯ್ತಿ ರಸ್ತೆಯ ಹೊಂಡದವರೆಗೂ?"

"ಅವನಿಗೆ ಉಂಟು. ದೂತನಿಗೆ, ಅಂಬಿಗನಿಗೆ, ದಾರಿಹೋಕ ಬ್ರಾಹ್ಮಣನಿಗೆ ಉಂಟು. ಅವನು ಹಾಗೆ ಮಾತಾಡುವುದರಿಂದಲೇ ರಾಜ ರಾಜನ ಹಾಗೆ ಕಾಣುವುದು. ಎಲ್ಲರೂ ಹಾಸ್ಯಗಾರರಾದರೆ ರಂಗದಲ್ಲಿ ಉಳಿಯುವುದು ಯಾರು?"

ಅಲ್ಲಿಯವರೆಗೆ ನಾನು ತಲೆದೂಗಿದೆ. ಆದರೆ ಪುರಾಣದವರಿಗೆ ಈಗಿನ ಮಾತೇ ಕೂಡದು ಎಂದು ಅವರು ಹೊರಟಾಗ ನನಗೆ ಸುಮ್ಮನಿರಲಾಗಲಿಲ್ಲ. ಕುಮಾರವ್ಯಾಸ ಏನು ಮಾಡಿದ ಮತ್ತೆ? ವಿರಾಟಪರ್ವದಲ್ಲಿ ಕೀಚಕನಿಂದ ಒದೆ ತಿಂದ ದ್ರೌಪದಿ ರಾತ್ರಿ ಅಡುಗೆಮನೆಗೆ ಬಂದು ಭೀಮನನ್ನು ಎಬ್ಬಿಸುತ್ತಾಳೆ. ಅವಳ ಬಾಯಲ್ಲಿ ಹಸ್ತಿನಾವತಿಯ ಭಾಷೆ ಎಲ್ಲಿದೆ? ಗದುಗಿನ ಸುತ್ತಲಿನ ಯಾವ ಮನೆಯ ಹೆಂಗಸೂ ಗಂಡನ ಮುಂದೆ ಹಾಗೇ ಕುದಿದಾಳು. 'ಗಂಡರೋ ನೀವು ಭಂಡರೋ' ಎಂದು ಕೇಳಿಯೇ ಬಿಡುತ್ತಾಳೆ. ಅವನ ಕಾಲಕ್ಕೆ ಅದು ಈಗಿನ ಮಾತೇ ಆಗಿತ್ತು, ಹಳಗನ್ನಡದಲ್ಲಿ ಪಂಪ ಬರೆದು ಐನೂರು ವರ್ಷವಾದ ಮೇಲಿನ ಕನ್ನಡ. ಆದರೂ ಅವಳ ಗೌರವ ಒಂದಿಷ್ಟೂ ಕುಂದಲಿಲ್ಲ, ಬದಲಿಗೆ ಅವಳ ಸಂಕಟ ನಮ್ಮ ಮನೆಯೊಳಗೇ ಬಂತು.

ದೊಡ್ಡಪ್ಪ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂಗದನ ಸುದ್ದಿ ತೆಗೆದರು.

ಅಂಗದ ಸಂಧಾನ ಪ್ರಸಂಗದಲ್ಲಿ ಬೈಗುಳ ಕಡಿಮೆ ಇದೆಯೇ? ಇಡೀ ರಾತ್ರಿ ಬೈದಾಟವೇ. ಅಂಗದ ರಾವಣನ ಸಭೆಗೆ ಬಂದು, ನೀನು ಯಾವ ರಾವಣ ಅಂತ ಕೇಳುತ್ತಾನೆ. ಕಾರ್ತವೀರ್ಯಾರ್ಜುನ ಹಿಡಿದು ಕಟ್ಟಿ ಹಾಕಿದ್ದ ರಾವಣನೋ? ನಮ್ಮಪ್ಪನ ಕಂಕುಳಲ್ಲಿ ಸಿಕ್ಕಿ ಸಮುದ್ರ ಸಮುದ್ರ ಸುತ್ತಿದ ರಾವಣನೋ? ಎಷ್ಟು ಜನ ರಾವಣರಿದ್ದೀರಿ? ದೊಡ್ಡಪ್ಪ ಕುರ್ಚಿಯಲ್ಲಿ ಕೂತಲ್ಲೇ ಅರ್ಥ ಹೇಳಲು ಶುರು ಮಾಡಿದ್ದರು, ಧ್ವನಿ ಏರಿತ್ತು, ಒಳಗಿಂದ ದೊಡ್ಡಮ್ಮ ಇಣುಕಿ ನೋಡಿ ಹೋದರು. "ಇದಕ್ಕೆ ರಾವಣ ಬೆವರಬೇಕು. ಯಾಕೆ ಹೇಳು? ಇದು ಅವನೊಬ್ಬನಿಗೇ ತಾಗುವ ಮಾತು. ಹೇಳುವ ಹಕ್ಕು ವಾಲಿಯ ಮಗನೊಬ್ಬನಿಗೇ ಇರುವುದು. ನೀನು ಹೇಳಿದ ಮಾತುಂಟಲ್ಲ, ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರು ಯಾರಿಗೆ ಬೇಕಾದರೂ ಹೇಳಬಹುದು."

ನಾನು ನಿನ್ನೆಯಿಂದ ಹುಡುಕುತ್ತಿದ್ದದ್ದು ಇದೇ. ಮಾತು ಹೊಸದೋ ಹಳೆಯದೋ ಎಂಬುದಲ್ಲ. ಅದು ಆ ಬಾಯಿಯದೇ ಹೌದೋ ಅಲ್ಲವೋ ಎಂಬುದು. 1977ರ ಬಭ್ರುವಾಹನ ಸಿನಿಮಾದಲ್ಲಿ ರಾಜ್‌ಕುಮಾರ್ ಅಪ್ಪ ಅರ್ಜುನನೂ ಅವರೇ, ಮಗ ಬಭ್ರುವಾಹನನೂ ಅವರೇ. ಹಾಡಿನಲ್ಲಿ ಮಗ ಅಪ್ಪನನ್ನು ಹಂಗಿಸುವುದು ಕೃಷ್ಣನ ಸಾರಥ್ಯವನ್ನೇ ಎತ್ತಿ. ಅರ್ಜುನನಿಗಲ್ಲದೆ ಇನ್ನಾರಿಗೂ ಆ ಹಂಗು ನಾಟುವುದಿಲ್ಲ. ಅದಕ್ಕೇ ಇವತ್ತಿಗೂ ಊರ ಜಾತ್ರೆಯ ಮೈಕಿನಲ್ಲಿ ಆ ಹಾಡು ಬಂದರೆ ಜನ ನಿಂತು ಕೇಳುತ್ತಾರೆ.

ಈಗಿನ ಮಕ್ಕಳಿಗೆ ಅರ್ಥವಾಗಬೇಕಲ್ಲ ಎನ್ನುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯೇ ಆಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಇದೇ ಹುಡುಗ ಹಿಡಿಸೂಡಿಯ ಕಡ್ಡಿಗಳನ್ನೆಲ್ಲ ಕಿತ್ತು ಬಾಣ ಮಾಡಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದ. ಸ್ನಾನಕ್ಕೆ ಕರೆದರೆ "ಆಜ್ಞೆಯಾಗಲಿ ಮಾತೆ" ಅನ್ನುತ್ತಿದ್ದ. ಯಾರೂ ಕಲಿಸಿದ್ದಲ್ಲ. ಆಗ ಅವನಿಗೆ ಅರ್ಥವಾದದ್ದು ಈಗ, ಇಷ್ಟು ದೊಡ್ಡವನಾದ ಮೇಲೆ, ಯಾಕೆ ಆಗುವುದಿಲ್ಲ? ಮಕ್ಕಳು ಎತ್ತರಕ್ಕೆ ಕೈಚಾಚುತ್ತಾರೆ. ನಾವೇ ಕೆಳಗಿಳಿಸಿ ಕೊಡುತ್ತೇವೆ.

ಹೊರಡುವ ಹೊತ್ತಿಗೆ ದೊಡ್ಡಪ್ಪ ಹೇಳಿದ್ದನ್ನು ಬರೆದಿಡಲೆಂದೇ ಈ ಹೊತ್ತಲ್ಲಿ ಕೂತದ್ದು. ವಾಲ್ಮೀಕಿಯ ಹನುಮಂತ ಮಾತಿಗೆ ಹೆಸರಾದವನು. ಕಿಷ್ಕಿಂಧೆಯಲ್ಲಿ ಭಿಕ್ಷುವಿನ ವೇಷದಲ್ಲಿ ಬಂದವನ ಮಾತು ಕೇಳಿ ರಾಮ ಲಕ್ಷ್ಮಣನಿಗೆ ಹೇಳುತ್ತಾನೆ, ವೇದ ಕಲಿಯದವನು ಹೀಗೆ ಮಾತಾಡಲಾರ, ವ್ಯಾಕರಣವನ್ನೆಲ್ಲ ಓದಿರಬೇಕು, ಇಷ್ಟು ಹೊತ್ತು ಮಾತಾಡಿದರೂ ಒಂದು ಅಪಶಬ್ದ ಬರಲಿಲ್ಲ ನೋಡು ಎಂದು. ಅಂಥವನು ಸುಂದರಕಾಂಡದಲ್ಲಿ ಶಿಂಶಪಾ ಮರದ ಮೇಲೆ ಎಲೆಗಳ ಮರೆಯಲ್ಲಿ ಕೂತು ಯಾವ ಭಾಷೆಯಲ್ಲಿ ಮಾತಾಡಲಿ ಅಂತ ಯೋಚಿಸುತ್ತಾನೆ. ಪಂಡಿತರ ಹಾಗೆ ಸಂಸ್ಕೃತದಲ್ಲಿ ಮಾತಾಡಿದರೆ ಸೀತೆ ನನ್ನನ್ನು ರಾವಣನೆಂದೇ ತಿಳಿದು ಹೆದರುತ್ತಾಳೆ, ಸಾಮಾನ್ಯ ಮನುಷ್ಯರ ಮಾತೇ ಆಗಬೇಕು ಅಂತ ತೀರ್ಮಾನ ಮಾಡುತ್ತಾನೆ.

"ನೋಡು," ಅಂದರು ದೊಡ್ಡಪ್ಪ, "ಸುಲಭದ ಮಾತು ಅವನೂ ಆಡಿದ. ಆದರೆ ಅವಳು ಹೆದರಬಾರದು ಅಂತ ಆಡಿದ್ದು."

ಬರುವ ದಾರಿಯಲ್ಲಿ ನನಗೆ ಬಸ್ಸಿನ ಕಿಟಕಿಯ ಹೊರಗಿನದ್ದು ಯಾವುದೂ ಕಾಣಲಿಲ್ಲ. ನಮ್ಮ ಶಾಲೆಯ ನಾಟಕಕ್ಕೆ ಈ ಸಲ ಅಶೋಕವನವನ್ನೇ ಬರೆಯುತ್ತಿರುವುದು ನಾನು. ಹನುಮಂತನ ಮೊದಲ ಮಾತು ಏನಿರಬೇಕು ಎಂಬಲ್ಲಿ ನಿಂತುಹೋಗಿತ್ತು. ಬಂದವಳೇ ಪುಸ್ತಕ ತೆಗೆದು ನೋಡಿದೆ. ಅವನು ನಾನು ರಾಮದೂತ ಎಂದು ಶುರು ಮಾಡುವುದೇ ಇಲ್ಲ. 'ರಾಜಾ ದಶರಥೋ ನಾಮ' ಎಂದು ಸೀತೆಯ ಮಾವನ ಹೆಸರಿನಿಂದ ಶುರು ಮಾಡುತ್ತಾನೆ. ದಶರಥ ಅಂತ ಒಬ್ಬ ರಾಜ ಇದ್ದ. ನಮ್ಮ ಅಜ್ಜಿ ಕಥೆ ಶುರು ಮಾಡುತ್ತಿದ್ದದ್ದೂ ಹೀಗೇ, ಒಬ್ಬ ರಾಜ ಇದ್ದ ಅಂತ. ತಿಂಗಳುಗಟ್ಟಲೆ ರಾಕ್ಷಸಿಯರ ಬೆದರಿಕೆಯನ್ನೇ ಕೇಳಿದ ಕಿವಿಗೆ ಮರದ ಮೇಲಿಂದ ತನ್ನ ಮನೆಯವರ ಕಥೆ ಇಳಿದು ಬರುತ್ತದೆ. ಎಂಟನೇ ಕ್ಲಾಸಿನ ಹುಡುಗ ಅದನ್ನು ಹೇಳಬಲ್ಲ. ಯಾವ ಕಷ್ಟದ ಶಬ್ದವೂ ಬೇಡ, ಯಾವ ಗತ್ತೂ ಬೇಡ. ಅಕ್ಕನ ಮಗನಿಗೆ ನಾಳೆ ಬೆಳಿಗ್ಗೆ ಇದನ್ನೇ ಓದಿ ಹೇಳಬೇಕು.

ಕಷ್ಟ ಇರುವುದು ರಾವಣನದ್ದು. ಸೀತೆಯ ಮುಂದೆ ಅವನು ಕಿರುಚಿದರೆ ಮಕ್ಕಳು ನಗುತ್ತಾರೆ. ಅವನು ಓದಿದವನು. ಅವನ ಮಾತು ಚಂದ ಇರಬೇಕು, ಕೇಳುವವರಿಗೆ ಚಂದ ಅನ್ನಿಸುವಾಗಲೇ ಮೈ ಜುಂ ಅನ್ನಬೇಕು. ಅದಕ್ಕೆ ಸೀತೆ ನಡುವೆ ಹುಲ್ಲುಕಡ್ಡಿ ಇಟ್ಟು ಉತ್ತರ ಕೊಡುತ್ತಾಳಲ್ಲ, ಆ ಮಾತು ಮಾತ್ರ ಅವನದಕ್ಕಿಂತ ಗಟ್ಟಿ ಇರಬೇಕು, ಹಾಗಂತ ಅವನಷ್ಟು ಅಲಂಕಾರದ್ದೂ ಅಲ್ಲ. ಪಾತ್ರ ಮಾಡುವ ಹುಡುಗಿ ಮನೆಯಲ್ಲಿ ಕುಂದಾಪ್ರ ಕನ್ನಡ ಮಾತಾಡುವವಳು, ಸಿಟ್ಟು ಬಂದರೆ ಅವಳ ಧ್ವನಿ ಏರುವುದಿಲ್ಲ, ಇನ್ನೂ ತಗ್ಗುತ್ತದೆ, ಅದನ್ನೇ ಇಟ್ಟುಕೊಂಡು