ಕೂಲರಿನ ಸುಣ್ಣ ಹೋಯ್ತು, ಬಚ್ಚಲದ ಕಲ್ಲಿಗಿ ಕಲೆ ಬಿತ್ತು

ಕಲಬುರಗಿ ಜಿಲ್ಲಾದ ಸೇಡಂ ಕಡಿ ಬೋರ್ ನೀರು ಬಳಸೋ ಮನಿಯವರಿಗೆ ಇದು ಹೊಸಾದಲ್ಲ. ನಳದ ಬಾಯಾಗ ಬೆಳ್ಳಗ ಗಟ್ಟಿ ಆಗಿರ್ತದ, ಸ್ಟೀಲ್ ಕೊಡ ಒಣಗಿದ ಕೂಡ್ಲೆ ಚುಕ್ಕಿ ಚುಕ್ಕಿ, ಕೆಟಲ್ ಒಳಗ ನೋಡಿದ್ರ ಗ್ವಾಡಿಗಿ ಸುಣ್ಣ ಹಚ್ಚಿದಂಗ, ನಮ್ಮ ನೀರಾಗ ತೊಗರಿ ಬ್ಯಾಳಿ ಸೈತ ಲಗೂನ ಬೇಯಂಗಿಲ್ಲ. ಮನ್ಯಾಗ ಎಲ್ಲಾರೂ ಇದಕ್ಕ ಉಪ್ಪು ಹಿಡಿದದ ಅಂತಾರ. ಆದ್ರ ಉಪ್ಪಾಗಿದ್ರ ನೀರು ಹಾಕಿದ್ರ ಕರಗಬೇಕಿತ್ತಲ್ರಿ! ಅದು ಖರೇನ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದಾಗಿಂದು ನೀರಾಗ ಕರಗಿ ಮ್ಯಾಲ ಬರ್ತದ, ನಾವು ಕಾಸಿದಾಗ ನೀರಾಗಿನ ಗ್ಯಾಸ್ ಹಾರಿ ಹೋಗಿ ತಿರುಗಿ ಕಲ್ಲಾಗಿ ಕೂಡ್ತದ. ವಾಡಿ, ಸೇಡಂ, ಚಿತ್ತಾಪುರ ಕಡಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದೂ ಇದೇ ಕಲ್ಲಿನ ಸಲುವಾಗಿ.

ಯುಗಾದಿ ಮುಂದ ಅಟ್ಟದ ಮ್ಯಾಲಿನ ಕೂಲರ್ ಇಳಿಸಿದ್ವಿ. ನೀರು ಆರಿ ಹೋಗ್ತದ, ಸುಣ್ಣ ಮಾತ್ರ ಉಳೀತದ, ಮ್ಯಾಲ ಮತ್ತ ಅದೇ ನೀರು ಹಾಕ್ತೀವಿ, ಹಿಂಗಾಗಿ ಒಂದು ಬ್ಯಾಸಗಿ ಮುಗಿಯೂದ್ರಾಗ ಪ್ಯಾಡ್ ಕಟ್ಟಿಗಿ ಹಂಗ ಬಿರುಸು ಆಗಿ, ಪಂಪಿನ ಜಾಲಿ ಪೂರಾ ಮುಚ್ಚಿತ್ತು. ಪ್ಯಾಡ್ ಬದಲಿಸಿದ್ವಿ, ಅದನ್ನ ಉಳಿಸೂದು ಆಗಂಗಿಲ್ಲ. ಪಂಪಿನ ಜಾಲಿ, ಪ್ಲಾಸ್ಟಿಕ್ ಪೈಪು, ನೀರು ಹನಿಸೋ ತಟ್ಟಿ ಮಾತ್ರ ಬಿಚ್ಚಿ ಹುಣಸಿಹಣ್ಣಿನ ನೀರಾಗ ನೆನಿ ಹಾಕಿದ್ನಿ, ಎರಡು ಮುಷ್ಟಿ ಹಳೇ ಹುಣಸಿ, ಬಿಸಿ ನೀರು, ಒಂದು ರಾತ್ರಿ. ಮೋಟಾರ್ ಮುಳುಗಿಸಬ್ಯಾಡ್ರಿ. ಬೆಳಿಗ್ಗಿ ಹಲ್ಲುಜ್ಜೋ ಬ್ರಶ್ ಆಡಿಸಿದ್ರ ಸಾಕು, ಚಕ್ಕಿ ಚಕ್ಕಿ ಉದುರಿ ಬಿತ್ತು.

ಕೆಟಲ್‌ಗಿ ಲಿಂಬಿಹಣ್ಣು ಛಲೋ. ಎರಡು ಹಣ್ಣಿನ ರಸ, ಸುಣ್ಣ ಮುಳುಗೋ ಅಷ್ಟು ನೀರು, ಒಂದು ಕುದಿ ಬರಿಸಿ ಅರ್ಧ ತಾಸು ಬಿಡ್ರಿ, ಗುಳ್ಳಿ ಏಳ್ತಾವಲ್ಲ, ಅದೇ ಸುಣ್ಣ ಕರಗೂದು. ಆಮ್ಯಾಲ ಎರಡು ಸಲ ಬರೇ ನೀರು ಕಾಸಿ ಚೆಲ್ರಿ. ದಪ್ಪ ಪದರ ಇದ್ರ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಎರಡು ಚಮಚ ಹಾಕಿದ್ರ ಇನ್ನೂ ಲಗೂ. ನಳಕ್ಕ ಹಿಂಡಿದ ಲಿಂಬಿ ಹೋಳು ಸಾಕು, ಪ್ಲಾಸ್ಟಿಕ್ ಚೀಲದಾಗ ಹಾಕಿ ರಬ್ಬರಿಂದ ಕಟ್ಟಿ ಅರ್ಧ ತಾಸು ಬಿಡ್ರಿ, ರಾತ್ರಿಯೆಲ್ಲಾ ಬಿಟ್ರ ಹೊಳಪು ಹೋಗ್ತದ. ಅಲ್ಯುಮಿನಿಯಂ ಭಾಂಡಿಗಿ ಇವ್ಯಾವೂ ಬ್ಯಾಡ. ಲಿಂಬಿ ಜೋಡಿ ಅಡಗಿ ಸೋಡಾ ಹಾಕಿ ಬುರುಗು ಬರಿಸೂದು ಭಾಳ ಮಂದಿ ಮಾಡ್ತಾರ, ಅದ್ರಾಗ ಹುಳಿ ಮತ್ತ ಸೋಡಾ ಒಂದಕ್ಕೊಂದು ಬಡಿದಾಡಿ ಶಕ್ತಿ ಕಳ್ಕೋತಾವ, ಸುಣ್ಣಕ್ಕ ಏನೂ ಆಗಂಗಿಲ್ಲ. ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕ ಹುಳಿ ಸುರಿಯೂದಂತೂ ಎಂದೂ ಮಾಡಬ್ಯಾಡ್ರಿ, ವಿಷದ ಗ್ಯಾಸ್ ಬರ್ತದ.

ಈಗ ನಾ ಮುಖ್ಯವಾಗಿ ಹೇಳಬೇಕಂತ ಕೂತಿದ್ದು. ಆ ಹುಣಸಿ ನೀರಿನ ಬಕೆಟ್ ನಾ ಬಚ್ಚಲದಾಗ ಇಟ್ಟಿದ್ನಿ, ತಳದಾಗ ಸಣ್ಣ ಸೀಳು ಇತ್ತು, ನೋಡಿರಲಿಲ್ಲ. ರಾತ್ರಿಯೆಲ್ಲಾ ಸೋರಿ ಬೆಳಿಗ್ಗಿ ನೋಡಿದ್ರ ನಮ್ಮಪ್ಪ ಕೈಯಾರೆ ಆರಿಸಿ ಹಾಕ್ಸಿದ ಶಹಾಬಾದ ಕಲ್ಲಿನ ಮ್ಯಾಲ ಅಂಗೈಯಷ್ಟು ಜಾಗ ಬೆಳ್ಳಗ, ಒರಟೊರಟು. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ, ಯಾಕಂದ್ರ ಅದು ಕಲೆ ಅಲ್ಲ, ಕಲ್ಲೇ ಕರಗಿ ಹೋಗಿತ್ತು. ಶಹಾಬಾದ ಕಲ್ಲೂ ಸುಣ್ಣದ ಕಲ್ಲೇ ಅಲ್ರಿ! ಹುಳಿಗಿ ಕೆಟಲ್ ಒಳಗಿನ ಸುಣ್ಣ ಯಾವುದು, ನೆಲದ ಕಲ್ಲು ಯಾವುದು ಅಂತ ಗೊತ್ತಾಗಂಗಿಲ್ಲ. ನನಗ ಭಾಳ ಕೆಟ್ಟ ಅನಿಸ್ತು, ಅಪ್ಪ ಏನೂ ಅನ್ನಲಿಲ್ಲ, ಬರೇ ಬೆರಳಿಂದ ಆ ಜಾಗ ಸವರಿ ನೋಡಿದ.

ನಮ್ಮ ಜಿಲ್ಲಾದಾಗ ಎಷ್ಟು ಮನ್ಯಾಗ ಇದೇ ಕಲ್ಲು ಅದ, ಕಟ್ಟಿಗೂ, ಅಡಗಿ ಮನಿ ಒಲಿಕಟ್ಟಿಗೂ ಅದೇ. ಹಿಂಗಾಗಿ ಹುಳಿ ಕೆಲಸ ಎಲ್ಲಾ ಸ್ಟೀಲ್ ಬೋಗುಣ್ಯಾಗ, ಕೆಳಗ ಇನ್ನೊಂದು ತಾಟು ಇಟ್ಟು ಮಾಡ್ರಿ, ಒಂದು ಹನಿ ಬಿದ್ರೂ ಕೂಡ್ಲೆ ನೀರು ಸುರೀರಿ. ಮಾರ್ಬಲ್ಲಿಗೂ ಇದೇ ಮಾತು. ಕಲ್ಲಿನ ಮ್ಯಾಲ ಕೂತ ನೀರಿನ ಪದರಕ್ಕ ಸಾಬೂನು ನೀರು, ಮೆತ್ತನ ಬ್ರಶ್, ಮತ್ತ ಜಳಕ ಆದ ಮ್ಯಾಲ ದಿನಾ ಒಣ ಅರಿವಿಂದ ಒರಸೂದು, ಇಷ್ಟೇ. ಟೈಲ್ಸ್ ಇದ್ದವರಿಗೆ ಅಷ್ಟು ಚಿಂತಿಲ್ಲ, ಆದ್ರ ನಡುವಿನ ಸಂದ್ಯಾಗಿನ ಸಿಮೆಂಟಿನ ಮ್ಯಾಲ ಹುಳಿ ನಿಲ್ಲಿಸಬ್ಯಾಡ್ರಿ.